ಇಂಜಿನ್ ತಿಮಿಂಗಿಲ

ಕಡಲ ಸಸ್ತನಿ ಸಂಶೋಧನಾ ಸಂಸ್ಥೆಯ ನಿಯಮಾವಳಿಯ ಪ್ರಕಾರ, ಇಂಜಿನ್ ಬಂದ್ ಮಾಡಿದ ದೋಣಿ ಕರ್ತವ್ಯದ ಮೇಲಿಲ್ಲ. ಅದರಲ್ಲಿ ಕುಳಿತವರೂ ಗೈರುಹಾಜರು. ಆದುದರಿಂದ ತಿಮಿಂಗಿಲದ ದನಿಯನ್ನು ಇಂಜಿನ್ ಓಡಿಸುತ್ತಲೇ ಕೇಳತಕ್ಕದ್ದು.

ಕಿರಿಯ ಸಂಶೋಧಕಿ ನೀರಿಗೆ ಮೈಕು ಇಳಿಬಿಟ್ಟು ಕಿವಿಗೊಟ್ಟು ಕುಳಿತಿದ್ದಳು. ಬರೀ ಗುಡುಗುಡು. ಬಾಗಿಲಲ್ಲಿ ನಾಯಿ ಕಟ್ಟಿ ಗಿರಾಕಿಗೆ ಕಾಯುವ ಅಂಗಡಿಯವನ ಪಾಡು ಅವಳದು. ದನಿ ಸಿಕ್ಕರೆ ಕೆಲಸ ಕಾಯಂ, ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆ. ಮನೆಯಲ್ಲಿ ಅಮ್ಮ ದಿನಾ ವಿಚಾರಿಸುವಳು: “ನಿನ್ನ ತಿಮಿಂಗಿಲ ಇನ್ನೂ ಬಾಯಿ ಬಿಟ್ಟಿಲ್ವೇನೇ? ಅಷ್ಟಗಲ ಬಾಯಿ ಇಟ್ಕೊಂಡು ಎಂಥ ಬಿಗುಮಾನವೋ!”

“ಅಣ್ಣಾ, ಒಂದು ಗಳಿಗೆ ಇಂಜಿನ್ ನಿಲ್ಸಿ,” ಎಂದು ಚಾಲಕನಿಗೆ ದುಂಬಾಲು ಬಿದ್ದಳು.

“ನನ್ನ ಹಾಜರಿ ಹೋಗತ್ತೆ ತಾಯಿ. ತಿಮಿಂಗಿಲಕ್ಕೇ ಸ್ವಲ್ಪ ಜೋರಾಗಿ ಕೂಗೋಕೆ ಹೇಳಿ.”

ಈ ಗೋಳನ್ನು ತೋರಿಸಲೆಂದೇ ಅವಳು ಗುಡುಗುಡುವನ್ನು ರೆಕಾರ್ಡ್ ಮಾಡಿ ತಂದು ಸಂಸ್ಥೆಯ ನಿರ್ದೇಶಕರಿಗೆ ಕೇಳಿಸಿದಳು. ಅವರು ಕಣ್ಣು ಮುಚ್ಚಿದರು.

“ಆಹಾ! ಎಂಥ ಗಾಂಭೀರ್ಯ!”

“ಸರ್, ಅದು ನಮ್ಮ ಇಂಜಿನ್ನು.”

“ಇಂಜಿನ್ನು ಸಾರಿಗೆ ವಿಭಾಗದ್ದು. ನಮ್ಮ ವಿಭಾಗಕ್ಕೆ ಬಂದ ಸದ್ದು ಅಂದ್ಮೇಲೆ ತಿಮಿಂಗಿಲದ್ದೇ. ಕೆಲಸ ಕಾಯಂ ಆಗೋದು ಬೇಡ್ವೇನಮ್ಮಾ?”

“ಬೇಕು ಸರ್.”

“ಹಾಗಾದ್ರೆ ಇನ್ನೊಂದ್ಸಲ ಕೇಳಿ.”

ಕೇಳಿದಳು. ಈ ಸಲ ಗುಡುಗುಡುವಿನಲ್ಲಿ ಒಂಚೂರು ಉಸಿರಾಟ ಇದ್ದಂತೆ ಅವಳಿಗೂ ಅನಿಸಿತು.

ಮರುದಿನ ಪ್ರಕಟಣೆ ಹೊರಬಿತ್ತು: “ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಸಂಸ್ಥೆಯ ದೋಣಿಯನ್ನು ಬಿಟ್ಟಿರಲಾರದ ಹೊಸ ಜಾತಿಯ ತಿಮಿಂಗಿಲ ಪತ್ತೆಯಾಗಿದೆ. ನೀರಿನ ಮೇಲೆ ತೇಲುವ ಡೀಸೆಲ್ ಅದರ ಬೆವರೆಂದು ನಂಬಲಾಗಿದೆ.” ಸಂಶೋಧಕಿಯ ಕೆಲಸ ಕಾಯಂ ಆಯಿತು. ಅಮ್ಮ ಓಣಿಗೆಲ್ಲ ಸುದ್ದಿ ಮುಟ್ಟಿಸಿದಳು.

ಮುಂದಿನ ವಾರ ನಡುಗಡಲಲ್ಲಿ ಇಂಜಿನ್ ಕೆಟ್ಟು ನಿಂತಿತು. ಮೈಕಿನಲ್ಲಿ ಉದ್ದನೆಯ, ಎದೆ ಜುಮ್ಮೆನ್ನುವ ಕೂಗೊಂದು ಕೇಳಿಬಂತು.

“ಇದೇನಮ್ಮಾ, ನಮ್ಮ ತಿಮಿಂಗಿಲದ ಥರ ಇಲ್ವಲ್ಲ?” ಎಂದ ಚಾಲಕ.

ಅಷ್ಟರಲ್ಲಿ ದೋಣಿಯ ಪಕ್ಕದಲ್ಲೇ ಗುಡ್ಡದಂಥ ಬೆನ್ನೊಂದು ಎದ್ದು, ಇಬ್ಬರ ಮೇಲೂ ನೀರು ಚಿಮ್ಮಿಸಿ ಮುಳುಗಿತು. ಸಂಶೋಧಕಿ ಮುಖ ಒರೆಸಿಕೊಂಡಳು. ಸರಕು ಬಿಕರಿಯಾದ ಮೇಲೆ ತೂಕದ ತಕರಾರು ತೆಗೆಯುವಷ್ಟು ದಡ್ಡಿ ಅವಳಲ್ಲ.

“ಇಂಜಿನ್ ಕೆಟ್ಟಿದೆಯಲ್ಲ ಅಣ್ಣಾ, ಅದರದ್ದೇ ಸದ್ದು,” ಎಂದಳು.

ಕೂಡಲೇ ಮೆಕ್ಯಾನಿಕ್ಕನ್ನು ಕಳಿಸಿಕೊಡಲಾಯಿತು. ರಿಪೇರಿಯಾದ ಮೇಲೆ ಆ ಕೂಗು ಮತ್ತೆಂದೂ ಕೇಳಲಿಲ್ಲ. ತಿಮಿಂಗಿಲ ಮರಳಿ ಬಂತೆಂದು ನಿರ್ದೇಶಕರು ಮೆಕ್ಯಾನಿಕ್ಕಿಗೆ ಶಾಲು ಹೊದಿಸಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಸಂಶೋಧಕಿ.