ಒಂದೇ ಅವಧಿಯ ಸಂಸದರೂ ನನ್ನ ಹೊಟ್ಟೆಯುರಿಯೂ

ನನಗೆ ಸಿಗಬೇಕಾದದ್ದು ಪಕ್ಕದವರಿಗೆ ಸಿಗುವುದು ನನ್ನ ಬದುಕಿನಲ್ಲಿ ಆಗಾಗ ನಡೆಯುವ ಸಂಗತಿ. ಆದರೆ ಆ ಪಕ್ಕದವರು ಅಮೆರಿಕದಿಂದ ವಿಮಾನ ಹತ್ತಿ ಬಂದದ್ದು ಇದೊಂದೇ ಸಲ.

ಹೆಸರು

ನಮ್ಮದು ತೈಲ ಬಾವಿಗಳಿಗೆ ವಾಲ್ವ್ ಒದಗಿಸುವ ಕಂಪನಿ. ಆಫೀಸು ದುಬೈಯ ಜುಮೇರಾ ಲೇಕ್ ಟವರ್ಸ್‌ನಲ್ಲಿ. ಅಲ್ಲಿ ಕೆರೆ ಕಾಣುವ ಕ್ಯಾಬಿನ್ ಖಾಲಿಯಾದಾಗ, ನಾನು ಗಣಪತಿ ಫೋಟೋ ತಂದು ಸಿದ್ಧನಾಗಿದ್ದೆ. ಕ್ಯಾಬಿನ್ ಹೊಸ ಸಲಹೆಗಾರರಿಗೆ ಹೋಯಿತು. ಅವರು ಅಮೆರಿಕದ ಮಾಜಿ ಕಾಂಗ್ರೆಸ್‌ಮನ್, ಅಂದರೆ ಅಲ್ಲಿಯ ಸಂಸದರು. ಅಪ್ಪನ ಟ್ರ್ಯಾಕ್ಟರ್ ಅಂಗಡಿ ನೋಡಿಕೊಂಡಿದ್ದವರು ಒಮ್ಮೆ ಗೆದ್ದರು, ಎರಡು ವರ್ಷದ ಅವಧಿ ಕೂತರು, ಮುಂದಿನ ಸಲ ಜನ ಮನೆಗೆ ಕಳಿಸಿದರು. ಅಷ್ಟಕ್ಕೇ ನಮ್ಮ ಬಾಸ್ ಅವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ನನ್ನನ್ನು ಕಂಡರೆ ಗಡಿಯಾರ ನೋಡುತ್ತಿದ್ದರು.

ಎರಡು ವರ್ಷದಲ್ಲಿ ಏನು ಕಾನೂನು ಮಾಡಿದಿರಿ ಎಂದು ಒಂದು ದಿನ ಕೆಣಕಿದೆ. ತಮ್ಮೂರಿನ ಪೋಸ್ಟ್ ಆಫೀಸಿಗೆ ತೀರಿಹೋದ ಪೋಸ್ಟ್‌ಮನ್ ಒಬ್ಬರ ಹೆಸರಿಡಿಸಿದ್ದೊಂದೇ ಎಂದರು, ಸಂಕೋಚವಿಲ್ಲದೆ. ಮನೆಗೆ ಬಂದು ಹೆಂಡತಿಗೆ ಇದನ್ನು ನಗುತ್ತ ಹೇಳಿದೆ. ಬಾಗಲಕೋಟೆಯವಳು, ಮಾತು ನೇರ.

“ಅವ್ರು ಒಂದ ಕಟ್ಟಡಕ್ಕರ ಹೆಸರಿಟ್ಟಾರ. ನೀವು ಕಂಡ ಕಂಡವ್ರಿಗೆಲ್ಲ ಹೆಸರಿಡ್ತೀರಿ,” ಅಂದಳು.

ಕೈ

ಅಬುಧಾಬಿಯ ಮುಸಫ್ಫಾದಲ್ಲಿರುವ ನಮ್ಮ ವರ್ಕ್‌ಶಾಪಿಗೆ ಅವರನ್ನು ಕರೆದೊಯ್ದೆ. ಆ ಸೆಖೆಯಲ್ಲೂ ಒಬ್ಬೊಬ್ಬರ ಹತ್ತಿರ ಹೋಗಿ, ಗ್ರೀಸ್ ಮೆತ್ತಿದ ಕೈಯನ್ನೇ ಕುಲುಕಿ ಊರು ಕೇಳಿದರು. ನನ್ನನ್ನು ಕಂಡರೆ ಮುಖ ತಿರುಗಿಸುವ ಉಡುಪಿ ಕಡೆಯ ವೆಲ್ಡರ್, ಅವರ ಜೊತೆ ಫೋಟೋ ತೆಗೆಸಿಕೊಂಡ. ಕಂಪನಿ ಬಸ್ಸಿನ ಏಸಿ ರಿಪೇರಿ ಮಾಡಿಸುತ್ತೇನೆಂದು ಪ್ರತಿ ಬೇಸಿಗೆಯಲ್ಲೂ ಮಾತು ಕೊಡುವವನು ನಾನು. ಫೋಟೋ ಮಾತ್ರ ಅವರ ಜೊತೆ. ಅವರಲ್ಲಿ ಅಂಥದ್ದೇನಿದೆ ಎಂದು ಅವನನ್ನು ಕೇಳಿಯೇಬಿಟ್ಟೆ.

“ಅವ್ರು ಕೈ ಕುಲುಕಿದ್ರು ಸರ್. ನೀವು ಕೈ ಕೊಟ್ರಿ.”

ಶೇಂಗಾ

ಭಾನುವಾರ ಅವರು ಅಬುಧಾಬಿಗೆ, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಮ್ಮ ಫ್ಲ್ಯಾಟಿಗೆ ಊಟಕ್ಕೆ ಬಂದರು. ನನ್ನ ಹುಟ್ಟುಹಬ್ಬಕ್ಕೂ ಫ್ರಿಜ್ಜಿನ ಚಪಾತಿ ಬಿಸಿ ಮಾಡುವ ಹೆಂಡತಿ, ಅಂದು ಬೆಳಿಗ್ಗೆಯಿಂದ ರೊಟ್ಟಿ ಬಡಿಯುತ್ತಿದ್ದಳು. ಊಟಕ್ಕೆ ಮೊದಲು ಖಾರ ಹಚ್ಚಿದ ಕಾಂಗ್ರೆಸ್ ಶೇಂಗಾ ಇಟ್ಟಳು. ಅವರು ಮುಕ್ಕುತ್ತ ಹೆಸರು ಕೇಳಿದರು.

“ಕಾಂಗ್ರೆಸ್,” ಅಂದಳು.

ಅವರ ಕೈ ನಿಂತಿತು. ನನ್ನ ದೇಶದಲ್ಲಿ ನನ್ನ ನೆನಪಿಗೆ ಒಂದು ಬೆಂಚೂ ಇಲ್ಲ, ನೀವು ತಿಂಡಿಗೇ ಹೆಸರಿಟ್ಟಿರಾ ಎಂದು ಕಣ್ಣೊರೆಸಿಕೊಂಡರು. ಇದು ನಮ್ಮಲ್ಲಿ ಮೊದಲಿನಿಂದ ಇರುವ ಹೆಸರು ಎಂದು ನಾನು ಬಾಯಿ ತೆರೆದೆ. ಹೆಂಡತಿ ಮೇಜಿನಡಿ ನನ್ನ ಕಾಲು ತುಳಿದಳು. ಅವರು ಹೋಗುವಾಗ ಡಬ್ಬಿಯೇ ಅವರ ಜೊತೆ ಹೋಯಿತು. ನನಗೆ ಉಳಿದದ್ದು ಕಾಲುನೋವು.

ಚುನಾವಣೆ

ನಮ್ಮ ಕನ್ನಡ ಬಳಗದ ಅಧ್ಯಕ್ಷ ಸ್ಥಾನಕ್ಕೆ ನಾನು ಪ್ರತಿ ಸಲ ನಿಲ್ಲುತ್ತೇನೆ, ಪ್ರತಿ ಸಲ ಸೋಲುತ್ತೇನೆ. ಈ ಸಲವಾದರೂ ಗೆಲ್ಲಲೇಬೇಕೆಂದು, ಹೊಟ್ಟೆಯುರಿ ನುಂಗಿಕೊಂಡು ಅವರ ಸಹಾಯ ಬೇಡಿದೆ. ಅವರು ಖುಷಿಯಿಂದ ನನ್ನ ಜೊತೆ ಮನೆಮನೆಗೂ ಬಂದರು. ಮಕ್ಕಳನ್ನು ಎತ್ತಿದರು, ‘ನಮಸ್ಕಾರ್ರೀ’ ಕಲಿತರು. ಎಲ್ಲೆಡೆ ಅವರಿಗೆ ಚಹಾ, ಸೆಲ್ಫಿ. ಫೋಟೋ ತೆಗೆಯಲು ಫೋನು ನನ್ನ ಕೈಗೆ.

ಕೊನೆಯ ದಿನ ನಮ್ಮ ಮನೆಯಲ್ಲಿ ಕೂತಾಗ, ತಾವು ಸೋತ ಮರುದಿನದ ಕಥೆ ಹೇಳಿದರು. ನೆರೆಯವರ ಅಂಗಳಗಳಲ್ಲಿದ್ದ ತಮ್ಮ ಪ್ರಚಾರದ ಬೋರ್ಡುಗಳನ್ನು ತಾವೇ ಕಿತ್ತುಕೊಂಡು ಬಂದರಂತೆ. ಯಾರೂ ಬಾಗಿಲು ತೆರೆಯಲಿಲ್ಲವಂತೆ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಚೀಟಿ ಎಣಿಸಿದಾಗ ನಾನು ಸೋತಿದ್ದೆ. ನನ್ನ ಎದುರಾಳಿಗೆ ಬಹುಮತ. ಎರಡನೆಯ ಸ್ಥಾನ, ಚುನಾವಣೆಗೆ ನಿಲ್ಲದ, ಬಳಗದ ಸದಸ್ಯರೂ ಅಲ್ಲದ ಕಾಂಗ್ರೆಸ್‌ಮನ್‌ರಿಗೆ. ಜನ ಚೀಟಿಯ ಮೇಲೆ ಅವರ ಹೆಸರು ಬರೆದು ಹಾಕಿದ್ದರು. ಅವೆಲ್ಲ ಅಸಿಂಧು ಎಂದು ಘೋಷಿಸಿದರೂ ಸಭೆ ಚಪ್ಪಾಳೆ ತಟ್ಟಿತು. ನಾನು ಮೂರನೆಯವನು.

ಕಾರಿನಲ್ಲಿ ಹೆಂಡತಿ ಕಿಟಕಿಯಾಚೆಯೇ ನೋಡುತ್ತಿದ್ದಳು. ನನಗೆ ಅನುಮಾನ ಬಂತು. ನೀನು ಯಾರಿಗೆ ಹಾಕಿದೆ ಎಂದೆ.

“ಅವ್ರಿಗೇ ಹಾಕಿದೆ,” ಅಂದಳು. “ಪಾಪ, ಇನ್ನೊಮ್ಮೆ ಸೋತ್ರ ಆ ಮನಷ್ಯಾ ತಡಕೊಳ್ಳಾಂಗಿಲ್ಲ. ನಿಮಗಾದ್ರ ರೂಢಿ ಐತಿ.”