ಜೂನ್ ಮೂವತ್ತೊಂದು

ಬುದ್ಧಿವಂತಿಕೆ ತೋರಿಸಲು ಅವಕಾಶ ಸಿಕ್ಕರೆ ಸುಮ್ಮನಿರಲು ನನಗೆ ಬರುವುದಿಲ್ಲ. ಇದು ಹಳೆಯ ಕಾಯಿಲೆ. ಎಂಬತ್ತರ ದಶಕದಲ್ಲಿ ತುಮಕೂರಿನ ನಮ್ಮ ಕಾರ್ಖಾನೆಗೆ ಕಂಪ್ಯೂಟರ್ ಬಂದಾಗ ಅದು ಉಲ್ಬಣಿಸಿತು. ಎ.ಸಿ. ಕೋಣೆ, ಚಪ್ಪಲಿ ಹೊರಗೆ, ಒಳಗೆ ನಾನು. ಪೂಜಾರಿಗೂ ಅಷ್ಟು ಮಡಿ ಇರಲಿಲ್ಲ. ನೌಕರರ ಹುಟ್ಟಿದ ತಾರೀಖು ಓದಿ ನಿವೃತ್ತಿಯ ದಿನ ಹೇಳುವ ಕೋಬಾಲ್ ಪ್ರೋಗ್ರಾಮ್ ಬರೆದೆ. ಎಲ್ಲಿ ಎಡವುತ್ತದೋ ನೋಡೋಣವೆಂದು ಫೆಬ್ರವರಿ ಮೂವತ್ತು, ಏಪ್ರಿಲ್ ಮೂವತ್ತೊಂದು ಎಲ್ಲ ಕೊಟ್ಟು ಗೋಳು ಹೊಯ್ದುಕೊಂಡೆ. ಇಲ್ಲದ ದಿನ ಕೊಟ್ಟರೆ ಅದು ತಕರಾರಿಲ್ಲದೆ ಮುಂದಿನ ತಿಂಗಳಿಗೆ ಜಾರುತ್ತಿತ್ತು. ಭಲೇ ಎಂದು ಬಿಟ್ಟೆ.

ಅಂಥ ತಾರೀಖು ನಿಜವಾಗಿಯೂ ಇದ್ದದ್ದು ಚೇಳೂರಿನ ಫಿಟರ್ ರಂಗಪ್ಪನವರಿಗೆ. ಶಾಲೆಗೆ ಸೇರಿಸುವಾಗ ಮನೆಯವರು "ಬಿತ್ತನೆ ಕಾಲದಾಗೆ ಹುಟ್ಟವ್ನೆ" ಎಂದರಂತೆ. ಮೇಷ್ಟ್ರು ಜೂನ್ ಮೂವತ್ತೊಂದು ಎಂದು ಬರೆದುಕೊಂಡರು. ಆ ಕಾಲದಲ್ಲಿ ನಮ್ಮ ಕಡೆಯ ಅರ್ಧ ಜನ ಹುಟ್ಟಿದ್ದೇ ಮೇಷ್ಟ್ರ ಕೈಯಲ್ಲಿ.

ನಿವೃತ್ತಿಯ ವರ್ಷ, ಮೇ ತಿಂಗಳಲ್ಲಿ, ರಂಗಪ್ಪ ಬಾಗಿಲಲ್ಲಿ ನಿಂತರು. ಹೆಂಡತಿಯ ಹೊಟ್ಟೆಯಲ್ಲಿ ಗೆಡ್ಡೆ. ಆಪರೇಷನ್ ಕಾರ್ಖಾನೆಯೇ ಮಾಡಿಸುತ್ತಿತ್ತು, ಆದರೆ ಇವರು ಕೆಲಸದಲ್ಲಿರುವವರೆಗೆ ಮಾತ್ರ. "ಡಾಕ್ಟ್ರು ಜೂನ್‌ನಾಗೇ ಮಾಡ್ತೀನಿ ಅಂತಾರೆ ಸ್ವಾಮಿ. ಇವ್ಳು ರಾಗಿ ಬಿತ್ತನೆ ಮುಗೀಲಿ ಅಂತಾಳೆ. ಜುಲೈನಾಗೆ ನಾನು ಕೆಲಸದಲ್ಲಿರ್ತೀನಾ?"

ತಾರೀಖನ್ನು ಮೆಷಿನ್ನಿಗೆ ಕೊಟ್ಟೆ. ಹುಟ್ಟಿದ್ದು ಜುಲೈ ಒಂದು, ನಿವೃತ್ತಿ ಜುಲೈ ಕೊನೆಗೆ ಎಂದಿತು. "ಇನ್ನೊಂದು ತಿಂಗಳು ಗಿಟ್ಟಿತು ರಂಗಪ್ಪನೋರೇ, ಆರಾಮಾಗಿ ಬಿತ್ತನೆ ಮುಗಿಸ್ಕೊಳ್ಳಿ" ಎಂದೆ. ಅವರು ಮೆಷಿನ್ನಿಗೆ ಕೈ ಮುಗಿದರು. ನನಗೇ ಮುಗಿದರೆಂದುಕೊಂಡೆ.

ಜೂನ್ ಕೊನೆಯ ವಾರ ಸೂಪರಿಂಟೆಂಡೆಂಟರು ನಾನು ಮೆಷಿನ್ನಿನಿಂದ ತೆಗೆದ ನಿವೃತ್ತಿಯ ಪಟ್ಟಿ ನೋಡಿ ಕನ್ನಡಕ ತೆಗೆದರು. "ಏನ್ರೀ, ಒಂದನೇ ತಾರೀಖು ಹುಟ್ಟಿದೋರು ಹಿಂದಿನ ತಿಂಗಳ ಕೊನೇ ದಿನಾನೇ ರಿಟೈರ್ ಆಗ್ತಾರೆ. ರೂಲ್ ಗೊತ್ತಿಲ್ವಾ? ರಂಗಪ್ಪ ಜೂನ್‌ನಲ್ಲಿ ಹುಟ್ಟಿದ್ರೂ ಅಷ್ಟೆ, ಜುಲೈ ಒಂದಾದ್ರೂ ಅಷ್ಟೆ. ಈ ಮೂವತ್ತಕ್ಕೆ ಮನೆಗೆ." ಕ್ಯಾಲೆಂಡರಿನಲ್ಲಿಲ್ಲದ ತಾರೀಖುಗಳನ್ನೆಲ್ಲ ಪರೀಕ್ಷಿಸಿದ್ದ ನಾನು, ತಿಂಗಳು ತಿಂಗಳು ಬರುವ ಒಂದನೇ ತಾರೀಖನ್ನು ಪರೀಕ್ಷಿಸಿರಲಿಲ್ಲ. ಡಾಕ್ಟರ ಹತ್ತಿರ ಓಡಿದೆ. ಜೂನಿನಲ್ಲಿ ಆಕೆಗೆಂದು ಇಟ್ಟಿದ್ದ ದಿನ ಬೇರೆಯವರಿಗೆ ಹೋಗಿತ್ತು; ಮೂವತ್ತರೊಳಗೆ ಇನ್ನೊಂದು ದಿನ ಖಾಲಿ ಇರಲಿಲ್ಲ.

ಆ ರಾಗಿಯ ಕೊಯ್ಲಿಗೆ ಆಕೆ ಇರಲಿಲ್ಲ. ತಿಥಿಯ ದಿನ ಚೇಳೂರಿಗೆ ಹೋದೆ. ರಂಗಪ್ಪ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಚಾಪೆ ಹಾಸಿ ಕೂರಿಸಿ, ನನಗೇ ಸಮಾಧಾನ ಹೇಳಿದರು: "ಬುಡಿ ಸ್ವಾಮಿ. ಮೆಷಿನ್ ಹೊಸದು, ಅದಕ್ಕೇನ್ ಗೊತ್ತಾಯ್ತದೆ?"

ತಪ್ಪು ಮೆಷಿನ್ನಿನದಲ್ಲ, ನನ್ನದು ಎನ್ನಲೆಂದೇ ಅಷ್ಟು ದೂರ ಬಸ್ಸಿನಲ್ಲಿ ಬಂದಿದ್ದೆ. ಬಾಯಿ ತೆರೆದೆ. "ಹೌದು, ಹೊಸದು" ಎಂದೆ.