ವಾಯಿದೆ ಕೇಳಿದ ಚೈನು

ಪರರ ಸೈಕಲ್ಲಿನ ತಿರುಪನ್ನು ತಿರುಗಿಸಬಾರದೆಂದು ಯಾವ ಕಾನೂನಿನ ಪುಸ್ತಕದಲ್ಲೂ ಬರೆದಿಲ್ಲ. ಆ ಧೈರ್ಯದ ಮೇಲೆಯೇ ವಕೀಲರು ಭಾನುವಾರ ಮಧ್ಯಾಹ್ನ ಅದನ್ನು ತಿರುಗಿಸಿಬಿಟ್ಟರು. ಒಂದಲ್ಲ, ಎರಡು.

ಸೈಕಲ್ಲು ಹೆಂಡತಿಯ ತಮ್ಮನದು. ಸಪೂರ ಟೈರಿನ, ಟಗರಿನ ಕೊಂಬಿನಂಥ ಹ್ಯಾಂಡಲ್ಲಿನ ರೇಸಿನ ಸೈಕಲ್ಲು. ಹೊಟ್ಟೆ ಕರಗಿಸಲೆಂದು ವಕೀಲರು ವಾರದ ಮಟ್ಟಿಗೆ ಕೇಳಿ ತಂದಿದ್ದರು. (ಕರಗಿದ್ದು ಚೈನಿನ ಎಣ್ಣೆ ಮಾತ್ರ.) ಬಾಮೈದನಿಗೆ ನಾಳೆ ರೇಸು. ಇವತ್ತು ಐದು ಗಂಟೆಗೆ ಬಂದು ಒಯ್ಯುವವನಿದ್ದ. "ಹೇಗೆ ಕೊಟ್ಟೆನೋ ಹಾಗೇ ಬೇಕು, ಭಾವ" ಎಂದು ನಗುತ್ತಲೇ ಎಚ್ಚರಿಸಿದ್ದ.

ಆದರೆ ಹ್ಯಾಂಡಲ್ಲಿನ ಗೇರು ಲಿವರ್ ಒತ್ತಿದರೆ ಚೈನು ಹಿಂದಿನ ಗಾಲಿಯಲ್ಲಿ ಪಕ್ಕದ ದೊಡ್ಡ ಹಲ್ಲುಚಕ್ರಕ್ಕೆ ಹತ್ತದೆ 'ಟಿಕ್ ಟಿಕ್' ಎಂದು ವಾಯಿದೆ ಕೇಳುತ್ತಿತ್ತು. ವಾಯಿದೆ ಕೇಳುವುದು ವಕೀಲರ ಹಕ್ಕು. ಚೈನು ಕೇಳಿದರೆ ಸಹಿಸುವುದುಂಟೆ?

ಸೈಕಲ್ಲನ್ನು ಹಜಾರದಲ್ಲಿ ತಲೆಕೆಳಗಾಗಿ ನಿಲ್ಲಿಸಿದರು. ಗೇರಿನ ಬೆನ್ನ ಮೇಲೆ ಎರಡು ಪುಟ್ಟ ತಿರುಪು, ಪಕ್ಕದಲ್ಲಿ ಎಚ್ ಮತ್ತು ಎಲ್ ಎಂಬ ಅಕ್ಷರ. ಎಚ್ ಎಂದರೆ ಹೆಂಡತಿ, ಎಲ್ ಎಂದರೆ ಲಾಯರು ಎಂದುಕೊಂಡಿದ್ದರೂ ಇಷ್ಟು ನಷ್ಟವಾಗುತ್ತಿರಲಿಲ್ಲ. ಎಚ್ ಎಂದರೆ ದೊಡ್ಡ ಚಕ್ರವೆಂದು (ಅದು ಚಿಕ್ಕದರದು!) ತೀರ್ಪಿತ್ತು ಎರಡು ಸುತ್ತು ಬಿಗಿದರು. ಉಭಯ ಪಕ್ಷಗಳಿಗೂ ಸಮಾನ ನ್ಯಾಯವೆಂದು ಎಲ್‌ಗೂ ಎರಡು ಸುತ್ತು. ಈಗ ಚೈನು ತೀರಾ ಚಿಕ್ಕ ಚಕ್ರಕ್ಕೆ ಇಳಿಯದು, ತೀರಾ ದೊಡ್ಡದಕ್ಕೆ ಏರದು. ನಡುವೆಯೇ ನಿಂತು ಹಲ್ಲು ಕಡಿಯಿತು.

"ಏನ್ರೀ ಸದ್ದು? ಗಡಿಯಾರ ಬಿಚ್ಚಿದ್ರಾ?" ಒಳಕೋಣೆಯಲ್ಲಿ ಗಿರಾಕಿಯೊಬ್ಬರ ಪರದೆ ಹೊಲಿಯುತ್ತಿದ್ದ ಹೆಂಡತಿ ಕೂಗಿದಳು.

"ಗೇರು ಕೆಟ್ಟಿದೆ ಕಣೇ."

"ಕೆಟ್ಟಿದೆಯೋ, ಕೆಡಿಸಿದ್ರೋ?"

"ಆಕ್ಷೇಪಣೆ! ಇದು ಉತ್ತರಾನೇ ಬಾಯಿಗೆ ತುರುಕೋ ಪ್ರಶ್ನೆ."

"ಐದಕ್ಕೆ ನನ್ನ ತಮ್ಮ ಬರ್ತಾನಲ್ಲ, ಅವನ ಮುಂದೆ ಎತ್ತಿ ನಿಮ್ಮ ಆಕ್ಷೇಪಣೆ."

ವಕೀಲರು ಸ್ಕ್ರೂಡ್ರೈವರನ್ನು ಕೆಳಗಿಟ್ಟರು. ಮಾವನ ಮನೆಯಲ್ಲಿ ಅವರಿಗಿದ್ದ ಮರ್ಯಾದೆಯೇ ಅಷ್ಟಕ್ಕಷ್ಟೆ.

ಹೆಂಡತಿ ಎದ್ದು ಬಂದಳು. ಎಷ್ಟು ಸುತ್ತು ಬಿಗಿದಿರೆಂದು ಕೇಳಿ, ಅಷ್ಟನ್ನೇ ಹಿಂದಕ್ಕೆ ಬಿಚ್ಚಿದಳು. ಪೆಡಲನ್ನು ಕೈಯಲ್ಲಿ ತಿರುಗಿಸುತ್ತಾ ಕಿವಿಗೊಟ್ಟಳು. ಹಳೆಯ ಟಿಕ್ ಟಿಕ್ ಮರಳಿತು.

"ತಿರುಪಿನ ತಂಟೆ ಅಲ್ಲ ರೀ. ಇದಕ್ಕೆ ಟೆನ್ಷನ್ ಸಾಲದು."

"ಸಾಲದೇ? ನನ್ನ ಹತ್ರ ಬೇಕಾದಷ್ಟಿದೆ, ತಗೋ!"

"ಕೇಬಲ್ಲಿಗೆ ರೀ! ಮೆಷಿನ್ನಲ್ಲಿ ದಾರ ಸಡಿಲಾದ್ರೆ ಹೊಲಿಗೆ ತಪ್ಪಲ್ವಾ, ಹಾಗೇ. ನೋಡಿ, ಕೇಬಲ್ ಗೇರಿನೊಳಗೆ ಹೋಗೋ ಕಡೆ ಅದನ್ನ ಬಿಗಿ ಮಾಡೋ ಗುಂಡಿ ಇದೆ. ನೀವು ಕೆಳಗೆ ಮಲಗಿ ಲಿವರ್ ಒತ್ತಿ."

ವಕೀಲರು ನೆಲದ ಮೇಲೆ ಬೋರಲು ಮಲಗಿದರು. ಅವಳು ಗುಂಡಿಯನ್ನು ಕಾಲು ಸುತ್ತು ತಿರುಗಿಸುವುದು, "ಒತ್ತಿ" ಎನ್ನುವುದು. ಮತ್ತೆ ಕಾಲು ಸುತ್ತು, ಮತ್ತೆ "ಒತ್ತಿ". ಮೂರನೆಯ ಸಲ 'ಛಕ್' ಎಂದು ಚೈನು ಏರಿ ಕೂತಿತು. ಸದ್ದಡಗಿತು.

ಬಾಮೈದ ಐದಕ್ಕೆ ಸರಿಯಾಗಿ ಬಂದ. ಬೀದಿಯಲ್ಲಿ ಒಂದು ಸುತ್ತು ಹೊಡೆದು ಕಣ್ಣರಳಿಸಿಕೊಂಡು ಮರಳಿದ.

"ಭಾವ, ಏನ್ ಮಾಡಿದ್ರಿ? ಆರು ತಿಂಗಳಿಂದ ಟಿಕ್ ಟಿಕ್ ಅಂತಿತ್ತು, ಈಗ ಬೆಣ್ಣೆ!"

ಆರು ತಿಂಗಳಿಂದ! ಹಾಗಾದರೆ ಮುಟ್ಟದೆ ಕೊಟ್ಟಿದ್ದರೂ ನಡೆಯುತ್ತಿತ್ತು. ಆದರೆ ಮೊದಲ ಬಾರಿಗೆ ಆ ಮನೆತನದ ಕುಡಿಯೊಂದು ತಮ್ಮನ್ನು ಮೆಚ್ಚಿ ನೋಡುತ್ತಿದೆ. ವಕೀಲರು ಮೀಸೆ ನೀವಿದರು.

"ಕೇಬಲ್ಲಿನ ಟೆನ್ಷನ್ ಕಣಯ್ಯಾ. ಕೈಗಿಂತ ಕಿವಿ ಮುಖ್ಯ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮುಗುಳ್ನಕ್ಕಳು. (ಆಗಲೇ ಹೆದರಬೇಕಿತ್ತು.)

"ನಮ್ಮ ತಂಡದ ಏಳು ಸೈಕಲ್ಲಿಗೂ ಇದೇ ರೋಗ, ಭಾವ. ಎಲ್ಲರೂ ತಿರುವಿನಲ್ಲೇ ನಿಂತಿದ್ದಾರೆ, ಕರೀಲಾ?"

ವಕೀಲರು ಹೆಂಡತಿಯತ್ತ ದಯಾಭಿಕ್ಷೆಯ ಅರ್ಜಿಯಂಥ ನೋಟ ಬೀರಿದರು.

"ಕರಿಯೋ, ಕರಿ! ನಿನ್ನ ಭಾವನ ಕೈಗುಣ ಎಲ್ಲರಿಗೂ ಸಿಗಲಿ. ನಂಗೆ ಪರದೆ ಮುಗಿಸೋದಿದೆ" ಎಂದವಳೇ ಒಳಹೊಕ್ಕು ಬಾಗಿಲು ಹಾಕಿಕೊಂಡಳು.

ಏಳು ಸೈಕಲ್ಲುಗಳು ಹಜಾರದಲ್ಲಿ ಸಾಲಾಗಿ ತಲೆಕೆಳಗಾದವು. ಏಳು ಜನ ಕೈಕಟ್ಟಿ ನಿಂತರು. ವಕೀಲರು ಗುಂಡಿ ಹಿಡಿದರು, ಬೆವರಿದರು. ಮಧ್ಯಾಹ್ನ ಲಿವರ್ ಒತ್ತುವಾಗ ಮುಖ ನೆಲಕ್ಕಿದ್ದುದರಿಂದ ಅವಳು ಅದನ್ನು ಯಾವ ಕಡೆಗೆ ತಿರುಗಿಸಿದಳೆಂದೇ ಅವರು ಕಂಡಿರಲಿಲ್ಲ. ನೀರು ಕುಡಿಯುವ ನೆಪದಲ್ಲಿ ಬಾಗಿಲ ಸಂದಿಗೆ ಬಾಯಿಟ್ಟು ಪಿಸುಗುಟ್ಟಿದರು:

"ಎಡಕ್ಕೋ ಬಲಕ್ಕೋ, ಅಷ್ಟಾದ್ರೂ ಹೇಳೇ!"

"ಮೆಷಿನ್ ಸದ್ದಲ್ಲಿ ಕೇಳಿಸ್ತಿಲ್ಲ ರೀ," ಒಳಗಿನಿಂದ ಜೇನಿನಂಥ ದನಿ ಬಂತು. "ಸ್ವಲ್ಪ ಜೋರಾಗಿ ಕೇಳಿ, ಎಲ್ಲರಿಗೂ ಕೇಳಿಸೋ ಹಾಗೆ!"